ಮೂರನೇ ಮಹಡಿಯ ವಿಧುರ

ಗುರುವಾರ, ಮಾರ್ಚ್ ೧೪
ಮಧ್ಯಾಹ್ನ, ಊಟದ ಬಿಡುವು

ಪುಟ್ಟಿಯ ಅಮ್ಮನಿಗೆ,

ನನ್ನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಓದಿ ಹರಿ. ಮನೆ ಬಿಡುವ ದಿನ ನೀನು ಹೇಳಿದ್ದೆ: "ಕುಡಿಯೋದು ಬಿಟ್ಟೆ ಅಂತ ಬರೀಬೇಡಿ, ಅದನ್ನ ಹತ್ತು ಸಲ ಕೇಳಿದೀನಿ. ಪೂರ್ತಿ ನಿಜ ಹೇಳೋ ಧೈರ್ಯ ಬಂದ ದಿನ ಬರೀರಿ. ವಾಪಸ್ ಬರೋ ಮಾತು ಆಮೇಲೆ." ಆ ಮಾತಿಗೆ ವರ್ಷ ದಾಟಿತು. ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ನಮ್ಮ ಮೇಸ್ತ್ರಿ ನನ್ನನ್ನು ರಿಪೇರಿಗೆಂದು ಲಿಫ್ಟು ಓಡಾಡುವ ಬಾವಿಗೆ ಇಳಿಸಲು ಒಪ್ಪಲಿಲ್ಲ. ನಾಲ್ಕು ಜನರ ಎದುರಿಗೇ ಸ್ಪ್ಯಾನರ್ ಕಿತ್ತುಕೊಂಡು, "ಈ ನಡುಗೋ ಕೈ ನಂಬಿ ನಾನು ಜನಾನ ಹತ್ತನೇ ಮಹಡಿಗೆ ಕಳಿಸಲ್ಲ" ಎಂದ. ಮೈಯೆಲ್ಲ ಉರಿಯಿತು. ಆದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕುಡಿತ ಬಿಡಲು ಸಹಾಯ ಕೇಳಿ ಆಸ್ಪತ್ರೆಗೆ ಹೋದೆ, ಅವರು ಕೊಟ್ಟ ಫೋನ್ ನಂಬರಿನಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ಔಷಧಿ ಅಂಗಡಿಯಾಕೆ ಬಿಲ್ಲಿನ ಹಿಂದೆ ಗೀಚಿ ಕೊಟ್ಟಳು: ಕುಡಿತ ಬಿಡುವವರ ಗುಂಪು, ಮಂಗಳವಾರ ಸಂಜೆ ಆರು, ಹಳೇ ಅಂಚೆ ಕಚೇರಿ ಕಟ್ಟಡ, ಮೂರನೇ ಮಹಡಿ.

ಇಲ್ಲಿ ನನ್ನ ಕಸುಬೇ ನನಗೆ ಕೈ ಕೊಟ್ಟಿತು. ಆಕೆ ನೆಲಮಹಡಿಯನ್ನೂ ಸೇರಿಸಿ ಒಂದು, ಎರಡು, ಮೂರು ಎಂದು ಎಣಿಸಿದ್ದಳು. ಲಿಫ್ಟಿನವನಿಗೆ ನೆಲ ಎಂದರೆ ಸೊನ್ನೆ. ಮೂರನೇ ಗುಂಡಿ ಒತ್ತಿ ಒಂದು ಮಹಡಿ ಜಾಸ್ತಿಯೇ ಏರಿದೆ. ಬಾಗಿಲು ತೆರೆದಿತ್ತು. ದುಂಡಗೆ ಹಾಕಿದ ಒಂಬತ್ತು ಕುರ್ಚಿ, ಮೂಲೆಯಲ್ಲಿ ಚಹಾ ಫ್ಲಾಸ್ಕು. ಇದು ಕುಡುಕರ ಗುಂಪಾ ಎಂದು ಕೇಳದೆಯೇ ಖಾಲಿ ಕುರ್ಚಿಯೊಂದರಲ್ಲಿ ಕೂತೆ. ಬಿಳಿ ಮೀಸೆಯ ನಿವೃತ್ತ ಮೇಷ್ಟ್ರೊಬ್ಬರು ಭುಜ ಮುಟ್ಟಿ, "ನಿಮ್ಮ ಮನೆಯವರು ತೀರ್ಕೊಂಡು ಎಷ್ಟು ದಿನ ಆಯ್ತಪ್ಪಾ?" ಎಂದರು. ಸಂಗಾತಿಯನ್ನು ಕಳೆದುಕೊಂಡವರ ಗುಂಪು ಅದು. ಎದ್ದು ಬರಬಹುದಿತ್ತು. ನೀನು ಮನೆ ಬಿಟ್ಟ ಲೆಕ್ಕ ಹಿಡಿದು ಹನ್ನೊಂದು ತಿಂಗಳು ಎಂದುಬಿಟ್ಟೆ.

ಕುಡುಕ ಎಂದರೆ ಜನ ಕುರ್ಚಿ ಸರಿಸಿಕೊಳ್ಳುತ್ತಾರೆ. ಹೆಂಡತಿ ಸತ್ತವನು ಎಂದರೆ ಹತ್ತಿರ ಎಳೆದುಕೊಳ್ಳುತ್ತಾರೆ. ನನಗೆ ಅದು ಹಿಡಿಸಿತು. ಐದು ಮಂಗಳವಾರ ಹೋದೆ. ನೀನು ನಗುವ ರೀತಿ, ಪುಟ್ಟಿಗೆ ಲೆಕ್ಕ ಹೇಳಿಕೊಡುವಾಗ ನೀನೇ ತಪ್ಪು ಮಾಡಿ ಅವಳನ್ನು ಗದರುವುದು, ಎಲ್ಲ ಹೇಳಿದೆ. ಅವರು ಕಣ್ಣೊರೆಸಿಕೊಂಡರು. ನಾನು ಮನೆಗೆ ಬಂದು ಕುಡಿದೆ.

ಆ ಗುಂಪಿನದೊಂದು ಪದ್ಧತಿ ಇದೆ. ವರ್ಷ ತುಂಬುವ ಹೊತ್ತಿಗೆ ಒಂದು ಭಾನುವಾರ ಎಲ್ಲರೂ ಮನೆಗೆ ಬಂದು, ತೀರಿಕೊಂಡವರ ಬಟ್ಟೆಬರೆ ಕಟ್ಟಿ ಅನಾಥಾಶ್ರಮಕ್ಕೆ ಕೊಟ್ಟು ಬರುತ್ತಾರೆ. ಒಬ್ಬರ ಕೈಲಿ ಆಗುವ ಕೆಲಸವಲ್ಲ ಅದು. ಬೇಡ ಎಂದೆ. ಮೊದಲು ಎಲ್ಲರೂ ಹಾಗೇ ಅನ್ನೋದು ಎಂದರು. ಆರು ಜನ ಬಂದೇ ಬಂದರು. ಎಲ್ಲರೂ ನರ್ಸಮ್ಮ ಎಂದು ಕರೆಯುವ ಹಿರಿಯ ಹೆಂಗಸು ನಿನ್ನ ಹಸಿರು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಕೈ ಮಡಿಸುವ ಹಾಗೆ ಅದರ ತೋಳು ಮಡಿಸತೊಡಗಿದರು. ತಡೆಯಲಾಗಲಿಲ್ಲ. "ಅವಳು ಬದುಕಿದಾಳೆ. ಅವಳ ಅಕ್ಕನ ಮನೇಲಿದಾಳೆ. ನಾನು ಕುಡುಕ" ಎಂದೆ.

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಉಳಿದವರೂ ಹಿಂದೆಯೇ ಹೋದರು. ನರ್ಸಮ್ಮ ಮಾತ್ರ ಸ್ವೆಟರನ್ನು ಪೂರ್ತಿ ಮಡಿಸಿ ಕಪಾಟಿನಲ್ಲಿ ಇಟ್ಟು ಹೇಳಿದರು: "ನಮ್ಮನೆಯವರು ಬದುಕಿದಾರೆ ಅಂತ ಹೇಳೋಕೆ ನಾನು ಏನು ಬೇಕಾದ್ರೂ ಕೊಡ್ತಿದ್ದೆ. ನೀನು ಬಿಟ್ಟಿಯಾಗಿ ಸಾಯಿಸಿಬಿಟ್ಟೆಯಲ್ಲೋ." ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಮುಂದಿನ ಮಂಗಳವಾರ ಆಕೆಯೇ ನನ್ನನ್ನು ಒಂದು ಮಹಡಿ ಕೆಳಗಿನ ಬಾಗಿಲ ತನಕ ಬಿಟ್ಟು ಹೋದರು.

ಕುಡಿತ ಬಿಡುವವರ ಈ ಗುಂಪಿಗೆ ಹೋಗಲು ಶುರು ಮಾಡಿ ಮೂರು ವಾರ ಕಳೆಯಿತು. ಇಲ್ಲೂ ಅದೇ ಕುರ್ಚಿ, ಅದೇ ಚಹಾ, ಆದರೆ ಕಣ್ಣೊರೆಸಿಕೊಳ್ಳುವವರು ಕಡಿಮೆ. ಬೇಕರಿಯವನೊಬ್ಬನಿದ್ದಾನೆ, ನಾನು ಸುತ್ತಿ ಬಳಸಿ ಮಾತಾಡಿದರೆ "ವಿಷಯಕ್ಕೆ ಬಾಪ್ಪಾ" ಎನ್ನುತ್ತಾನೆ. ಮೊದಲ ವಾರದಲ್ಲೇ ಒಂದು ಸಲ ಕುಡಿದೆ, ಅದನ್ನೂ ಅಲ್ಲಿ ಹೇಳಿದೆ. ಇವತ್ತಿಗೆ ಹದಿನಾರು ದಿನ. ಮೇಸ್ತ್ರಿ ಇನ್ನೂ ಬಾವಿಗೆ ಇಳಿಸಿಲ್ಲ, ಮೋಟರ್ ಕೋಣೆ ಗುಡಿಸಲು ಹಾಕಿದ್ದಾನೆ. ಅಲ್ಲೇ ಡಬ್ಬದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ವಾಪಸ್ ಬಾ ಎಂದು ಕೇಳುವುದಿಲ್ಲ. ಕೇಳಬೇಕೆಂಬ ಆಸೆಯೇನೋ ತುಂಬ ಇದೆ. ಪುಟ್ಟಿಗೆ ಒಂದು ಮುತ್ತು ಕೊಡು, ನನ್ನದು ಎಂದು ಹೇಳದಿದ್ದರೂ ಸರಿ.

ಇಂತಿ,
ಪುಟ್ಟಿಯ ಅಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನೀನು ಹೇಗೆ ತೀರಿಕೊಂಡೆ ಎಂದು ಮೇಷ್ಟ್ರು ಮೊದಲ ದಿನವೇ ಕೇಳಿದ್ದರು. ಮೆಟ್ಟಿಲಿಂದ ಬಿದ್ದು ಎಂದಿದ್ದೆ. ಆ ಸುಳ್ಳು ಅಷ್ಟು ಸಲೀಸಾಗಿ ಎಲ್ಲಿಂದ ಬಂತೆಂದು ನಿನಗೆ ಗೊತ್ತು. ನಿನ್ನ ಕೈ ಮುರಿದ ದಿನ ನೀನು ಡಾಕ್ಟರಿಗೆ, ಅಕ್ಕನಿಗೆ, ಪುಟ್ಟಿಗೆ, ಎಲ್ಲರಿಗೂ ಮೆಟ್ಟಿಲಲ್ಲಿ ಕಾಲು ಜಾರಿತು ಎಂದೆ. ಅಮಲಿನಲ್ಲಿದ್ದೆ, ನನಗೇನೂ ನೆನಪಿಲ್ಲ ಎಂದೆ ನಾನು. ನೆನಪಿದೆ. ನಿನ್ನ ಕಾಲು ಜಾರಲಿಲ್ಲ, ನಾನು ತಳ್ಳಿದೆ. ಈ ಹಾಳೆಯನ್ನು ಅಕ್ಕನಿಗೂ ಓದಲು ಕೊಡು.