"ಅಗತ್ಯವಿಲ್ಲ" ಎಂದು ಬರೆಯಬೇಡ

ಮಾರ್ಚ್ ೧೧, ಭಾನುವಾರ

ಪ್ರೀತಿಯ ತಮ್ಮ ಚಕ್ರನಿಗೆ,

ನಿನ್ನ ಬೀಗಣ್ಣನ ನೆನಪುಗಳು. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಕಾಲು ತಾನಾಗಿ ಎದ್ದು ನಡೆಯುತ್ತದೆ. ಈ ಎರಡು ಸಾಲಿಗೇ ಎರಡು ಸಲ ಗೇಟಿನವರೆಗೆ ಹೋಗಿ ಬಂದೆ. "ಯಾರಿಗೆ ಕಾಯ್ತಿದ್ದೀರಿ?" ಎಂದು ನಿನ್ನ ಅತ್ತಿಗೆ ಕೇಳುತ್ತಾಳೆ. ಗೊತ್ತಿದ್ದರೆ ತಾನೆ ಹೇಳಲು!

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ಇಪ್ಪತ್ತು ವರ್ಷ ಸೈನ್ಯದ ಲಾರಿ ಓಡಿಸಿದವನು ಜುಲೈನಲ್ಲಿ ನಿವೃತ್ತನಾಗುತ್ತೀಯ. ಹೊರಗಿನ ಬದುಕಿಗೆ ತಯಾರು ಮಾಡುವ ಆರು ವಾರದ ತರಬೇತಿ ಬೇಕೇ ಎಂದು ಕೇಳುವ ಅರ್ಜಿಯಲ್ಲಿ "ಅಗತ್ಯವಿಲ್ಲ" ಎಂದು ಬರೆಯುತ್ತೇನೆ, ನೀನೂ ಹಾಗೇ ಬರೆದಿದ್ದೆಯಲ್ಲ ಅಣ್ಣಾ ಎಂದಿದ್ದೀಯ. ಬರೆದಿದ್ದೆ ಕಣೋ. ಅದನ್ನೇ ಈಗ ಉಣ್ಣುತ್ತಿದ್ದೇನೆ.

ನಾನೀಗ ಒಂದು ಆಸ್ಪತ್ರೆಯ ಉಗ್ರಾಣದಲ್ಲಿದ್ದೇನೆ. ಸೇರಿದ ಎರಡನೇ ವಾರ ನರ್ಸಮ್ಮ ಓಡಿ ಬಂದು ಗ್ಲೌಸ್ ಕೇಳಿದಳು. ಮೇಲಿನವರ ಸಹಿ ಎಲ್ಲಿ ಎಂದೆ. ಸೈನ್ಯದ ಉಗ್ರಾಣದಲ್ಲೂ ಸಹಿಯಿಲ್ಲದೆ ಸೂಜಿಯನ್ನೂ ಕೊಡದ್ದಕ್ಕೇ ತಾನೆ ನೀವೆಲ್ಲ ನನಗೆ ಬೀಗ ಎಂದು ಹೆಸರಿಟ್ಟದ್ದು! "ಅಣ್ಣಾ, ಅಲ್ಲಿ ಹೆರಿಗೆ ಆಗ್ತಿದೆ. ಸಹಿ ಬರೋವರೆಗೂ ಮಗು ಒಳಗೇ ಇರುತ್ತಾ?" ಎಂದಳು. ನಾನು ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ವಾರ್ಡಿನಿಂದ ತಂದು ಹೆರಿಗೆ ಮಾಡಿಸಿದರು, ಮಗು ಕ್ಷೇಮ. ಮೇಲ್ವಿಚಾರಕ ಮಾತ್ರ ಎಲ್ಲರೆದುರು, "ಇದು ನಿಮ್ಮ ಸೈನ್ಯ ಅಲ್ಲ ಸ್ವಾಮಿ" ಎಂದ. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಒಂದು ಕಂಬಳಿ ಕಳೆದರೂ ವಿಚಾರಣೆ ನಡೆಯುವ ಕಡೆ ಪಳಗಿದ ಕೈ ಇದು. ಯಾವಾಗ ಸಡಿಲ ಬಿಡಬೇಕೆಂದು ಯಾರೂ ಕಲಿಸಲಿಲ್ಲ. ಕಲಿಸುತ್ತೇವೆ ಎಂದವರಿಗೆ ನಾನೇ ಬೇಡವೆಂದಿದ್ದೆ.

ಅದೇ ಸಿಟ್ಟಿನಲ್ಲಿ ಮಾಜಿ ಸೈನಿಕರ ಕಚೇರಿಗೆ ಹೋಗಿ ಕೂಗಾಡಿದೆ. ಅಲ್ಲಿನ ಅಧಿಕಾರಿ ಹೆಂಗಸು ಪೂರ್ತಿ ಕೇಳಿಸಿಕೊಂಡು, "ಕೂಗಿದ್ದು ಸಾಕು. ಇನ್ನೊಬ್ಬರಿಗೆ ಹೀಗಾಗದ ಹಾಗೆ ನೀವೇನು ಮಾಡ್ತೀರಿ?" ಎಂದರು. ಕೂಗಿದ ತಪ್ಪಿಗೆ ಕೆಲಸ ನನ್ನ ಹೆಗಲಿಗೇ ಬಿತ್ತು. ಆ ಕಚೇರಿಯವರ ಜೊತೆ ಸೇರಿ ಒಂದು ಏರ್ಪಾಡು ಮಾಡಿದೆ. ಈಗ ಹೊಸದಾಗಿ ಹೊರಬರುವವನಿಗೆ ಮೊದಲ ಆರು ತಿಂಗಳು ಹಳಬನೊಬ್ಬ ಜೊತೆಗಿರುತ್ತಾನೆ. ಕೆಲಸದ ಜಾಗಕ್ಕೂ ಬರುತ್ತಾನೆ, ಮನೆಗೂ ಬರುತ್ತಾನೆ. ಆದರೆ ಆ ತರಬೇತಿಯ ಅರ್ಜಿಯಲ್ಲಿ "ಬೇಕು" ಎಂದವರಿಗೆ ಮಾತ್ರ. ನಿನಗೆ ಜೊತೆಗಾರನೆಂದು ನನ್ನ ಹೆಸರು ಕೊಟ್ಟು ಬಂದಿದ್ದೇನೆ. ಜಂಬ ಬಿಟ್ಟು, ಬೇಕು ಎಂದು ಬರೆ.

ನಿನ್ನ ಹೆಂಡತಿಯನ್ನು ಅತ್ತಿಗೆ ಕೇಳಿದಳೆಂದು ಹೇಳು. ಮಕ್ಕಳಿಗೆ ಆಶೀರ್ವಾದ. ನೂರು ಕಾಲ ಬಾಳು.

ನಿನ್ನ
ಬೀಗಣ್ಣ

ತಾ.ಕ.: ನಿವೃತ್ತನಾಗಿ ಮನೆಗೆ ಬಂದು ಎಂಟು ತಿಂಗಳಾದರೂ ನನ್ನ ಬಟ್ಟೆ ಟ್ರಂಕಿನಲ್ಲೇ ಇದೆ. ನಿನ್ನ ಅತ್ತಿಗೆ ಬೀರುವಿನಲ್ಲಿ ತೆರವು ಮಾಡಿಕೊಟ್ಟ ಖಾನೆ ಹಾಗೇ ಖಾಲಿ. ನಿನ್ನೆ ಕಿರಿಯ ಮಗಳು ಪುಸ್ತಕ ಅವುಚಿಕೊಂಡು ಬಂದಳು. "ಅಪ್ಪಾ, ನೀವು ವಾಪಸ್ ಹೋದ ಮೇಲೆ ಈ ಜಾಗ ನಾನು ತಗೊಳ್ಳಲಾ?" ಎಂದಳು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಇನ್ನು ಹೋಗುವುದಿಲ್ಲ ಮಗಳೇ ಎನ್ನಬೇಕಿತ್ತು. "ತಗೋ" ಎಂದುಬಿಟ್ಟೆ.