ಆ ಇಳಿಜಾರಿಗೆ ಯಾವ ಗಾಡಿ

ಬೀಡಿ (ತಾ. ಖಾನಾಪುರ)
18 ಫೆಬ್ರುವರಿ 2025

ಖಾಸಬಾಗದ ಬಸವಪ್ರಸಾದ ಅವರಿಗೆ,

ಹೆಂಡತಿ ಗಂಡನ ಹೆಸರು ಹಿಡಿದಳಲ್ಲಾ ಎಂದು ಹುಬ್ಬೇರಿಸಬೇಡಿ. ತವರಿಗೆ ಬಂದು ಎರಡು ವರ್ಷವಾಯಿತು, ಆ ಸಂಕೋಚವೆಲ್ಲ ಹರಿದುಹೋಗಿದೆ. ಕ್ಷೇಮ ಸಮಾಚಾರವೂ ಬೇಡ. ಫೋನಿನಲ್ಲಿ ಹೇಳಿದರೆ ನಾಳೆ ‘ಹೇಳೇ ಇಲ್ಲ’ ಎನ್ನುತ್ತೀರಿ, ಅದಕ್ಕೇ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊನ್ನೆ ನೀವು ಕೇಳಿದಿರಿ: “ಖಾನಾಪುರದ ಸುಹಾಸಿನಿ ವಹಿನಿಯವರ ನೀಲಗಿರಿ ತೋಪು ಮತ್ತ ಕಡಿಯಾಕ ಹತ್ತಾರಂತ. ಯಾವ ಜಾಗಕ್ಕ ಯಾವ ಗಾಡಿ ಅಂತ ಆರಿಸೂದು ನಿನಗ ಕೊಟ್ಟಾರಂತ. ನಮ್ಮ ಟ್ರ್ಯಾಕ್ಟರ್ ಹೆಸರು ಹಾಕಿಬಿಡು.” ಆಹಾ! ಮೂರೂ ಬಿಟ್ಟವರು ಊರಿಗೆ ದೊಡ್ಡವರು.

ಆರಿಸಿದ್ದೇನೆ. ನಿಮ್ಮ ಬಾಡಿಗೆ ಗಾಡಿಗಳ ಶೆಡ್ಡಿನಲ್ಲಿ ವರ್ಷಗಟ್ಟಲೆ ಗಾಡಿ ಕಳಿಸುತ್ತ ಕಲಿತ ವಿದ್ಯೆ ಇದು. ತೋಪನ್ನೆಲ್ಲ ಬರಿಗಾಲಲ್ಲಿ ನಡೆದೆ; ನೆಲದ ಗುಣ ಗಾಡಿಗಿಂತ ಮೊದಲು ಹಿಮ್ಮಡಿಗೆ ತಿಳಿಯುತ್ತದೆ. ಗೇಟಿನ ಬಾಜು ಗಟ್ಟಿ ಕೆಂಪು ನೆಲ, ಸಪಾಟು. ಅಲ್ಲಿ ದಿಮ್ಮಿ ಎಳೆಯಲು ಯಾರ ಟ್ರ್ಯಾಕ್ಟರಾದರೂ ನಡೆದೀತು. ಹಳ್ಳದ ದಂಡೆ ಇನ್ನೂ ಹಸಿ, ಗಾಲಿ ಹೂತುಹೋಗುತ್ತದೆ. ಅಲ್ಲಿಗೆ ಗಾಲಿಯ ಬದಲು ಅಗಲ ಪಟ್ಟಿಯ ಮೇಲೆ ಓಡುವ ಚೈನ್ ಗಾಡಿ. ಹಿಂದಿನ ಗುಡ್ಡದ ಇಳಿಜಾರಿಗೆ ಮಾತ್ರ ಯಾವ ಗಾಡಿಯೂ ಇಳಿಯಬಾರದು. ಮೇಲೆ ಹಗ್ಗ ಸುತ್ತುವ ವಿಂಚ್ ಯಂತ್ರ ನಿಲ್ಲಿಸಿ ತಂತಿ ಹಗ್ಗದಿಂದ ದಿಮ್ಮಿಯನ್ನು ಎಳೆದುಕೊಳ್ಳಬೇಕು.

ಇದು ನಿಮಗೆ ಹೊಸ ಮಾತಲ್ಲ. ಎರಡು ವರ್ಷದ ಹಿಂದೆ ಅದೇ ಇಳಿಜಾರಿನಲ್ಲಿ ನನ್ನ ತಮ್ಮ ಮೈಲಾರಲಿಂಗ ನಿಮಗೆ ಹೇಳಿದ್ದ: “ಮಾವಾ, ಹಗ್ಗ ಇಲ್ಲದ ಇಳಿಸಬಾರದ್ರೀ, ವಿಂಚ್ ತರಸೂಣು.” ನೀವು “ಗಂಡಸು ಹೌದೋ ಅಲ್ಲೋ? ಹತ್ತಲೇ!” ಅಂದಿರಿ. ಹತ್ತಿದ. ಟ್ರ್ಯಾಕ್ಟರ್ ಮಗುಚಿ ಅವನ ಬಲಗಾಲು ಹೋಯಿತು. ಆಸ್ಪತ್ರೆಯಲ್ಲಿ ಬೀಗರೆಲ್ಲರ ಎದುರು ನೀವು ಹೇಳಿದ್ದೇನು? “ಗಾಡಿ ಛಲೋನ ಇತ್ತು. ಇವಂಗ ಹೊಡಿಯಾಕ ಬರಂಗಿಲ್ಲ, ಕುಡದಿದ್ದ.” ಕೊರಳಲ್ಲಿ ಲಿಂಗ ಕಟ್ಟಿದ ಹುಡುಗ, ಒಂದು ಹನಿ ಮುಟ್ಟಿದವನಲ್ಲ! ಕಾಲು ಹೋದದ್ದಕ್ಕೆ ಅವನು ಅಳಲಿಲ್ಲ, ಆ ಮಾತಿಗೆ ಅತ್ತ.

ವಿಂಚ್ ನಡೆಸಲು ಎರಡು ಕಾಲು ಬೇಕಿಲ್ಲ, ನಿಗಾ ಬೇಕು. ಅವನು ಕಲಿತಿದ್ದಾನೆ. ಆದರೆ ಮರ ಕಡಿಯುವವರು “ಕುಡುಕನ ಕೈಯಾಗ ಹಗ್ಗ ಕೊಟ್ರ ನಾವು ಕೆಳಗ ನಿಂದ್ರಂಗಿಲ್ರೀ” ಎನ್ನುತ್ತಾರೆ. ನೀವು ಅಂಟಿಸಿದ ಹೆಸರು ಇಂದಿಗೂ ಅವನ ಅನ್ನ ಕಸಿಯುತ್ತಿದೆ. ಅದು ಅಳಿಯುವವರೆಗೆ ನನಗೆ ನಿದ್ದೆಯಿಲ್ಲ.

ಅದಕ್ಕೇ ತೋಪಿನ ಒಡತಿ ವಹಿನಿಯವರನ್ನು ಒಪ್ಪಿಸಿದ್ದೇನೆ. ಗುರುವಾರ ಮುಂಜಾನೆ, ಕೆಲಸದವರೆಲ್ಲರ ಎದುರು, ನೀವೇ ಟ್ರ್ಯಾಕ್ಟರ್ ಹತ್ತಿ ಆ ಇಳಿಜಾರು ಇಳಿದು ತೋರಿಸಿ. ಗಾಡಿ ಛಲೋ ಇದೆ, ಹೊಡೆಯಲು ಬಂದರೆ ಸಾಕು ಎಂದವರು ನೀವೇ ಅಲ್ಲವೇ? ಇಳಿದರೆ ಇಡೀ ತೋಪಿನ ಕೆಲಸ ನಿಮಗೆ. ಬರದಿದ್ದರೆ ಏಕೆ ಬರಲಿಲ್ಲವೆಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಆ ಸೀಟಿನ ಮೇಲೆ ಕುಳಿತು ನೀವು ಎರಡೂ ಕಾಲಿಂದ ಬ್ರೇಕು ಒತ್ತುವುದನ್ನು ನಾನು ಕಣ್ತುಂಬ ನೋಡಬೇಕು. ಹೌದು, ಇದು ಸೇಡೇ. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಇನ್ನು ಮುಂದೆ ಮೈಲಾರಲಿಂಗನ ಅಕ್ಕ ಮಾತ್ರ,
ದಾನೇಶ್ವರಿ

ತಾ.ಕ.: ಪತ್ರ ಓದಿ ಮೈಲಾರಲಿಂಗ ಊಟ ಬಿಟ್ಟು ಎದ್ದ. “ಬ್ಯಾಡಕ್ಕಾ, ಮಾವ ಸಾಯ್ತಾರ. ಮ್ಯಾಲಿಂದ ನಾ ಅವರ ಗಾಡಿಗೆ ಹಗ್ಗ ಹಾಕಿ ಹಿಡೀತೀನಿ” ಎಂದು ಹಟ ಹಿಡಿದಿದ್ದಾನೆ. ಅವನ ಕರುಳು ಅಂಥದ್ದು, ನನ್ನದಲ್ಲ. ಗುರುವಾರ ವಿಂಚ್ ಗುಡ್ಡದ ಮೇಲೆ ಇರುತ್ತದೆ, ಅವನೂ ಅದರ ಬಾಜು ಕುಳಿತಿರುತ್ತಾನೆ. ಆದರೆ ಹಗ್ಗ ತಾನಾಗಿ ಕೆಳಗೆ ಬರುವುದಿಲ್ಲ. ಎಲ್ಲರಿಗೂ ಕೇಳುವಂತೆ ನೀವೇ ಕೂಗಬೇಕು: “ಮೈಲಾರೀ, ನೀ ಅವತ್ತ ಕುಡದಿರಲಿಲ್ಲ, ನೀ ಅಂದಿದ್ದ ಖರೇ ಐತಿ, ಹಗ್ಗ ಕೊಡಪಾ.”