ಪೆಟುನಿಯಾಕ್ಕೆ ಎಂಡ ಬೇಕು

ಸನತ್‌ನಗರ, ಹೈದರಾಬಾದ್
೨ ಫೆಬ್ರವರಿ ೨೦೨೬, ಸೋಮವಾರ

ಪ್ರೀತಿಯ ವತ್ಸಲಾ,

ನಮಸ್ಕಾರ. ಗಂಡ ಹೆಂಡತಿಗೆ ನಮಸ್ಕಾರ ಬರೆಯಬಾರದೆಂದು ಯಾವುದಾದರೂ ಶಾಸ್ತ್ರದಲ್ಲಿದ್ದರೆ, ನಮ್ಮ ಮನೆಯ ಪ್ರತಿಯಲ್ಲಿ ಆ ಪುಟವನ್ನು ಗೆದ್ದಲು ತಿಂದಿದೆ ಎಂದುಕೋ. ನೀನು ಬೀದರಿಗೆ ಹೋಗಿ ಇವತ್ತಿಗೆ ಎಪ್ಪತ್ತೊಂದು ದಿನ. ಕಾಗದ ಈಗ ಬರೆಯುತ್ತಿದ್ದೇನೆ, ಕ್ಷಮಿಸು. ತಪ್ಪಿನಲ್ಲಿ ಅರ್ಧ ಪಾಲು ಫೋನಿನದು. ಯಾವಾಗ ಮಾಡಿದರೂ ನಿನ್ನ ತಂಗಿ ಉಮಾಬಾಯಿಯೇ ಎತ್ತಿಕೊಂಡು, "ಅಕ್ಕ ಸ್ನಾನಕ್ಕ ಹೋಗ್ಯಾಳ್ರಿ ಭಾವಾ" ಎನ್ನುತ್ತಾಳೆ. ಬೆಳಿಗ್ಗೆಯೂ ಸ್ನಾನ, ಮಧ್ಯಾಹ್ನವೂ ಸ್ನಾನ, ಸಂಜೆಯೂ ಸ್ನಾನ. ಬೀದರಿನ ಬಾವಿಗಳ ಗತಿ ನೆನೆದು ಚಿಂತೆಯಾಗಿ, ಇನ್ನು ಫೋನು ಬೇಡವೆಂದು ಪೆನ್ನು ಹಿಡಿದೆ.

ಉಮಾಬಾಯಿಯ ಮೊಣಕಾಲಿನ ಆಪರೇಷನ್ನಿಗೆಂದು ಹೋದವಳು ನೀನು. ಆ ಮೊಣಕಾಲು ಸಂಕ್ರಾಂತಿಯ ಹೊತ್ತಿಗೆ ಸಂತೆಗೆ ಹೋಗಿ ಎಳ್ಳು ತಂದಿದೆ ಎಂದು ನನಗೆ ಗೊತ್ತಾಗಿದೆ. ನೀನು ಮಾತ್ರ ಬರಲಿಲ್ಲ. ಅದು ಮೊಣಕಾಲಿನ ಕಾರಣಕ್ಕಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಹೋಗುವ ಮುನ್ನಾದಿನ ನೀನೇ ಹನ್ನೆರಡು ಪೆಟುನಿಯಾ ಸಸಿ ತಂದಿಟ್ಟೆ. ಇಲ್ಲಿನ ಕನ್ನಡ ಸಂಘದ ಚಳಿಗಾಲದ ಹೂದೋಟ ಸ್ಪರ್ಧೆಗೆ ನಿನ್ನ ಹೆಸರು ಬರೆಸಿದೆ. ಬಸ್ಸು ಹತ್ತುವಾಗ ಹೇಳಿದ್ದು ಒಂದೇ ಮಾತು: "ಗಿಡ ಸಾಯಿಸಬ್ಯಾಡ್ರಿ." ಯಾವಾಗ ಬರುತ್ತೀ ಎಂದು ಕೇಳಿದೆ. ನೀನು ಕಿಟಕಿಯ ಗಾಜು ಮುಚ್ಚಿದೆ.

ಅವತ್ತೇ ಲೆಕ್ಕ ಹಾಕಿದೆ. ಗಿಡ ಸತ್ತರೆ ನಿನ್ನನ್ನು ಬಾ ಎನ್ನಲು ನನಗೆ ಮುಖವಿಲ್ಲ. ಹೂ ಬಿಟ್ಟರೆ ಒಂದು ಮುಖವಾದರೂ ಇರುತ್ತದೆ.

ಈಗ ಸುದ್ದಿಗೆ ಬರುತ್ತೇನೆ. ಗೆದ್ದೆವು, ವತ್ಸಲಾ. ನಿನ್ನೆ ಮೊದಲ ಬಹುಮಾನ ಬಂತು. ಮೂರು ವರ್ಷದಿಂದ ಆ ಕಪ್ಪನ್ನು ತನ್ನ ಷೋಕೇಸಿನಲ್ಲಿ ಕೂರಿಸಿಕೊಂಡಿದ್ದ ಎದುರುಮನೆಯ ಶಾರದಾಬಾಯಿಗೆ ಈ ಸಲ ಎರಡನೆಯದು. ಹೆಸರು ಕಪ್ಪಾದರೂ ಇದು ಬೆಳ್ಳಗೆ ಹೊಳೆಯುತ್ತದೆ. ಸದ್ಯಕ್ಕೆ ನಿನ್ನ ಹೊಲಿಗೆ ಮಷೀನಿನ ಮೇಲಿದೆ.

ಹೇಗೆ ಗೆದ್ದೆವು ಎಂಬುದನ್ನು ಸಾವಕಾಶವಾಗಿ ಹೇಳುತ್ತೇನೆ. ಮೂವತ್ತಮೂರು ವರ್ಷ ನಾರಾಯಣಗೂಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು ನಾನು, ನಿಜ. ಆದರೆ ನಾನು ಹೂ ಬಿಡಿಸಿದ್ದೆಲ್ಲ ಕರಿಹಲಗೆಯ ಮೇಲೆ; ಅದಕ್ಕೆ ನೀರೂ ಬೇಡ, ಗೊಬ್ಬರವೂ ಬೇಡ, ಸಂಜೆ ಜವಾನ ಒರೆಸಿದರೆ ಬಾಡುವ ಕಷ್ಟವೂ ಇಲ್ಲ. ಜೀವವಿರುವ ಗಿಡ ಕೈಗೆ ಬಂದದ್ದು ಇದೇ ಮೊದಲು. ಎಳೆಯ ಸಸಿಗಳಲ್ಲವೇ ಎಂದು ಕರುಣೆ ಉಕ್ಕಿ, ಹನ್ನೆರಡನ್ನೂ ತಾರಸಿಯ ತಗಡಿನ ನೆರಳಿಗೆ ಸರಿಸಿ ದಿನಕ್ಕೆ ಮೂರು ಹೊತ್ತು ನೀರು ಕುಡಿಸಿದೆ. ಡಿಸೆಂಬರ್ ಮಧ್ಯದ ಹೊತ್ತಿಗೆ ಅವು ನನ್ನ ಕೊನೆ ಬೆಂಚಿನ ವಿದ್ಯಾರ್ಥಿಗಳಂತಾದವು: ಉದ್ದ ಬೆಳೆದಿದ್ದವು, ತಲೆ ಜೋತು ಬಿದ್ದಿತ್ತು, ಒಂದರಲ್ಲೂ ಮೊಗ್ಗಿನ ಸುಳಿವಿಲ್ಲ.

ಅಷ್ಟರಲ್ಲಿ ನನ್ನ ಒಂಟಿತನಕ್ಕೆ ಜೊತೆಯಾಗಲೆಂದು ಬಾಗಲಕೋಟೆಯಿಂದ ಅಂಬಾದಾಸಣ್ಣ ಬಂದ. ನಿನ್ನ ಭಾವನವರನ್ನು ನಿನಗೆ ವರ್ಣಿಸಬೇಕಿಲ್ಲ. ಎಪ್ಪತ್ತೆರಡು ವಯಸ್ಸು, ಹಣೆಗೆ ಅಂಗಾರ-ಅಕ್ಷತೆ, ಕೊರಳಿಗೆ ತುಳಸಿಮಣಿ, ಈರುಳ್ಳಿಯ ವಾಸನೆಗೂ ಮೂಗು ಮುಚ್ಚುವ ಮಡಿ. ಗಿಡಗಳನ್ನು ನೋಡಿ ಮರುಗಿದ. ನನ್ನ ಸೊಂಟ ಹಿಡಿದುಕೊಂಡಿತ್ತಾದ್ದರಿಂದ ಒಂದು ಸಸಿಯನ್ನು ಕೈಚೀಲದಲ್ಲಿಟ್ಟುಕೊಂಡು, ನೀನು ಅವುಗಳನ್ನು ತಂದ ನರ್ಸರಿಗೆ ತಾನೇ ನಡೆದು ಹೋದ. ನರ್ಸರಿಯಾಕೆ ಗಿಡ ನೋಡಿದವಳೇ ತೆಲುಗಿನಲ್ಲಿ ತೀರ್ಪು ಕೊಟ್ಟಳಂತೆ: "ಮಂಚಿಗ ಎಂಡ ತಗಲಾಲೆ ಪೆದ್ದಾಯನಾ. ಎಂಡ ಲೇಕುಂಟೆ ಪೂಲು ರಾವು."

ಈ ಊರಿನಲ್ಲಿ ಅನ್ನ ತಿಂದ ನಮಗೆ ಎಂಡ ಎಂದರೆ ಬಿಸಿಲು. ಬಿಸಿಲು ತಾಗದಿದ್ದರೆ ಹೂ ಬರುವುದಿಲ್ಲ ಎಂದಳು, ಪಾಪ. ಬಾಗಲಕೋಟೆಯ ಕಿವಿಗೆ ಅದು ಹಕಾರ ಸಮೇತ ಕೇಳಿಸಿತು. ಹೆಂಡ ಇಲ್ಲದಿದ್ದರೆ ಹೂ ಇಲ್ಲ.

ಮನೆಗೆ ಬಂದ ಅಣ್ಣ ಎರಡು ದಿನ ಮಂಕಾಗಿದ್ದ. ನನಗೆ ಹೇಳಲು ನಾಚಿಕೆ. ಹೇಳದಿದ್ದರೆ ತಮ್ಮನ ಹೆಂಡತಿಯ ಗಿಡ ಸಾಯುತ್ತವೆ. ಕಡೆಗೆ ಕೆಳಮನೆಯ ಹುಸೇನಪ್ಪ ಪಟಾನ್‌ಚೆರುವಿನ ಫ್ಯಾಕ್ಟರಿಗೆ ಬಸ್ಸು ಹಿಡಿಯಲು ಹೊರಟಾಗ ಮೆಟ್ಟಿಲ ಮೇಲೆ ತಡೆದು ಪಿಸುಗುಟ್ಟಿದನಂತೆ: "ತಮ್ಮಾ, ಇಲ್ಲಿ ಹೆಂಡ ಎಲ್ಲಿ ಸಿಗತೈತೋ?" ಹುಸೇನಪ್ಪ ಯಾದಗಿರಿ ಕಡೆಯವ, ಹಿರಿಯರಿಗೆ ಮರುಪ್ರಶ್ನೆ ಹಾಕುವ ಅಭ್ಯಾಸವಿಲ್ಲ. ಅಣ್ಣನ ಹಣೆಯನ್ನೊಮ್ಮೆ ನೋಡಿ, "ಕಲ್ಲು ಕಂಪೌಂಡಿಗೆ ಹೋಗ್ರಿ ಕಾಕಾ" ಎಂದ. ಅಣ್ಣ ಒಂದು ಮುಂಜಾನೆಯೆಲ್ಲ ಕಲ್ಲಿನ ಗೋಡೆ ಇರುವ ಕಂಪೌಂಡು ಹುಡುಕಿದ. ತೆಲುಗಿನಲ್ಲಿ ಕಲ್ಲು ಎಂದರೇ ಹೆಂಡ ಎಂದು ಯಾರೋ ಪುಣ್ಯಾತ್ಮರು ತಿಳಿಸಿ ಕೈಹಿಡಿದು ಕರೆದೊಯ್ದರಂತೆ. ಅಲ್ಲಿ ಕೂತಿದ್ದವರೆಲ್ಲ ಎದ್ದು ನಿಂತು, ಸ್ವಾಮಿಗಳೆಂದು ಸ್ಟೂಲು ಕೊಟ್ಟರಂತೆ. ನಮ್ಮ ಹಾಲಿನ ಕ್ಯಾನಿನ ತುಂಬ ಹೆಂಡ ತುಂಬಿಸಿ, ಮೇಲೆ ಮಡಿ ಶಲ್ಯ ಹೊದಿಸಿಕೊಂಡು ಬಂದು, ನಾನು ಮಲಗಿದ್ದ ಮಧ್ಯಾಹ್ನ ಹನ್ನೆರಡು ಕುಂಡಕ್ಕೂ ಸಮನಾಗಿ ತೀರ್ಥದಂತೆ ಹಂಚಿದ.

ಸಂಜೆ ತಾರಸಿಗೆ ಹೋದರೆ ಹುಳಿಯ ಘಾಟು, ಇರುವೆಯ ಮೆರವಣಿಗೆ, ನೊಣಗಳ ಸಂತೆ. ಎದುರು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಶಾರದಾಬಾಯಿ ಮೂಗು ಅರಳಿಸಿದಳು.

"ಏನ್ರಿ ಸರ, ವತ್ಸಲಾ ಊರಾಗ ಇಲ್ಲಂತ ಭಾಳ ಜೋರ ನಡಸೀರಿ?"

"ಗಿಡಕ್ಕ ಏನೋ ಗೊಬ್ಬರ ಹಾಕೇವ್ರಿ."

"ಗೊಬ್ಬರದ ವಾಸನಿ ನನಗ ಗೊತ್ತಿಲ್ಲೇನ್ರಿ? ಹೆಂಡತಿಯೊಳಗಿನ 'ತಿ' ಊರಿಗೆ ಹೋದ್ರ ಏನ್ ಉಳೀತೈತಿ ಅಂತ ಇವತ್ತು ತಿಳೀತು ಬಿಡ್ರಿ."

ಇಷ್ಟು ವರ್ಷ ಈ ಓಣಿಯಲ್ಲಿ ಶ್ಲೇಷೆಯ ಗುತ್ತಿಗೆ ನನ್ನದೊಬ್ಬನದೇ ಇತ್ತು. ಅದೂ ಕೈಬಿಟ್ಟಿತು. ಕೆಳಗೆ ಬಂದು ಅಣ್ಣನನ್ನು ಕೇಳಿದೆ. ಅವನು ಎದೆಯುಬ್ಬಿಸಿ, "ನಿನ್ನ ಸಂಸಾರಕ್ಕಂತ ನನ್ನ ಮಡಿ ಕಳಕೊಂಡೀನೋ ರಾಮ್ಯಾ" ಎಂದ. ಎಂಡ ಎಂದರೇನೆಂದು ತಿಳಿಸಿ ಹೇಳಿದೆ. ಅಣ್ಣ, "ಹಂಗಾರ ಆಕಿ ಬಿಸಲಂತ ಯಾಕ ಅನ್ನಲಿಲ್ಲ?" ಎಂದು ಕೇಳಿದ.

ಐದು ಗಿಡ ಅಮಲಿನಲ್ಲೇ ತೀರಿಕೊಂಡವು. ಉಳಿದ ಏಳರ ಬೇರು ತೊಳೆದು ಹೊಸ ಮಣ್ಣಿಗೆ ಇಟ್ಟೆವು. ತೆಲುಗಿನಲ್ಲಿ ಇಡು ಎಂಬುದಕ್ಕೆ 'ಪೆಟ್ಟು' ಎನ್ನುತ್ತಾರೆ. ಆ ದಿನ ನನಗೆ ಎರಡೂ ಭಾಷೆಯ ಪೆಟ್ಟು ಒಟ್ಟಿಗೇ ಅರ್ಥವಾಯಿತು. ಮರುದಿನ ನಾನೇ ಆಟೋದಲ್ಲಿ ನರ್ಸರಿಗೆ ಹೋಗಿ ಶಿಷ್ಯನಂತೆ ನಿಂತೆ. ಆಕೆ ಹೇಳಿದ್ದು ಇಷ್ಟೇ. ದಿನಕ್ಕೆ ಆರು ತಾಸು ಬಿಸಿಲು ಬೀಳಬೇಕು. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು, ಅದೂ ಬುಡಕ್ಕೆ. ಉದ್ದ ಬೆಳೆದ ಕುಡಿಗಳನ್ನು ದಯೆ ನೋಡದೆ ಚಿವುಟಬೇಕು, ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲೇ ತೊಟ್ಟು ಸಮೇತ ಕೀಳಬೇಕು. "ಮೀರು ಏಮ್ ಚೇಸ್ತಾರು ಸಾರ್?" ಎಂದು ನನ್ನ ಉದ್ಯೋಗ ಕೇಳಿದಳು. ಬಾಟನಿ ಲೆಕ್ಚರರ್ ಎನ್ನಲು ಧೈರ್ಯ ಸಾಲದೆ, ರಿಟೈರ್ಡ್ ಎಂದಷ್ಟೇ ಹೇಳಿ ಬಂದೆ.

ನಾಲ್ಕನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಮೂರನ್ನು ತೂಗುಕುಂಡಗಳಲ್ಲಿ ನೇತುಹಾಕಿದೆವು. ಕುಡಿ ಚಿವುಟಿ ಕುಂಡ ತೂಗಿದಾಗ, ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಗಾದೆ ನಾಲಿಗೆಯ ತುದಿಗೆ ಬಂತು. ಅಣ್ಣ ನಗಲು ತಯಾರಾಗಿಯೂ ನಿಂತಿದ್ದ. ಹೇಳಲಿಲ್ಲ. ಬಾಯಿಗೆ ಬಂದ ಹಾಸ್ಯವನ್ನು ನುಂಗಿದ್ದು ನನ್ನ ಅರವತ್ತೈದು ವರ್ಷದಲ್ಲಿ ಅದೇ ಮೊದಲು.

ಸಂಕ್ರಾಂತಿಯ ಮರುದಿನ ಮೊದಲ ಹೂ ಬಿಟ್ಟಿತು. ಕಡುನೇರಳೆ, ಒಳಗೆ ಬಿಳಿಯ ಐದು ಗೆರೆ, ಯಾರೋ ಸುಣ್ಣದಲ್ಲಿ ನಕ್ಷತ್ರ ಬರೆದ ಹಾಗೆ. ಆಮೇಲೆ ನಿಲ್ಲಲೇ ಇಲ್ಲ. ಗುಲಾಬಿ, ಬಿಳಿ, ನಿನ್ನ ಇಳಕಲ್ ಸೀರೆಯ ಸೆರಗಿನ ಕೆಂಪು. ತೂಗುಕುಂಡದಲ್ಲಿ ಕುಂಡವೇ ಕಾಣದು. ಹೂವಿನ ಬುಟ್ಟಿಯನ್ನು ಗಾಳಿ ಹಿಡಿದು ನಿಂತಂತಿದೆ. ಎಲೆ ಮುಟ್ಟಿದರೆ ಬೆರಳಿಗೆ ಅಂಟು. ನೇರಳೆಯದಕ್ಕೆ ಸಂಜೆಯಾದ ಮೇಲೆ ಮೆಲ್ಲನೆಯ ಪರಿಮಳ. ಇದನ್ನೆಲ್ಲ ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ, ಮೂಸಿ ನೋಡಿದ್ದು ಈಗ. ದಿನಾ ಬೆಳಿಗ್ಗೆ ಚಹಾ ಹಿಡಿದು ಇಬ್ಬರು ಮುದುಕರು ಅಲ್ಲಿ ಕೂರುತ್ತೇವೆ. ಅಣ್ಣ ಮಾತ್ರ ಇವತ್ತಿಗೂ ಇದು ಬಿಸಿಲಿನ ಪ್ರತಾಪವಲ್ಲ ಎನ್ನುತ್ತಾನೆ. "ಏಳು ಗಿಡ ಹೆಂಡ ತಡಕೊಂಡು ಗಟ್ಟಿ ಆದುವಲೇ" ಎಂಬುದು ಅವನ ಸಿದ್ಧಾಂತ.

ನಿನ್ನೆ ಬೆಳಿಗ್ಗೆ ತೀರ್ಪುಗಾರರು ಬಂದರು. ಮುಖ್ಯಸ್ಥರು ಮಲ್ಲಿಕಾರ್ಜುನ ಎಂಬ ತೋಟಗಾರಿಕೆಯ ನಿವೃತ್ತ ಅಧಿಕಾರಿ, ನಗುವಿಗೂ ಮೇಲಧಿಕಾರಿಯ ಅಪ್ಪಣೆ ಬೇಕೆನ್ನುವ ಮುಖ. ಒಂದೊಂದು ಗಿಡದ ಬುಡವನ್ನೂ ಬಗ್ಗಿ ನೋಡಿ, "ಗೊಬ್ಬರಾ ಏನ್ ಹಾಕೀರಿ?" ಎಂದರು. ಅಣ್ಣ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಎದುರು ತಾರಸಿಯಿಂದ ಶಾರದಾಬಾಯಿಯ ದನಿ ಬಂತು: "ಕೇಳ್ರಿ, ಕೇಳ್ರಿ. ಆ ಗೊಬ್ಬರದ ವಾಸನಿ ಇಡೀ ಓಣಿಗೆ ಗೊತ್ತೈತಿ." ಮಲ್ಲಿಕಾರ್ಜುನರು ಅತ್ತ ತಿರುಗಲಿಲ್ಲ. "ಚಿವುಟಿದ ಕೈ ಚಲೋ ಐತಿ" ಎಂದು ಬರೆದುಕೊಂಡು ಹೋದರು. ಸಂಜೆ ಸಂಘದ ಸಭಾಂಗಣದಲ್ಲಿ ಮೊದಲ ಬಹುಮಾನ ಶ್ರೀಮತಿ ವತ್ಸಲಾ ರಾಮದಾಸ ಎಂದು ಓದಿದಾಗ ಅಣ್ಣ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ. ತಟ್ಟಿದವರಲ್ಲಿ ಎರಡನೆಯವಳು ಶಾರದಾಬಾಯಿ, ಅದನ್ನೂ ಬರೆಯಬೇಕು. ಆಕೆಯ ಡೇಲಿಯಾ ನಿಜಕ್ಕೂ ಚೆನ್ನಾಗಿದ್ದವು. ಇವತ್ತು ಬೆಳಿಗ್ಗೆ ಬಂದು ನೇರಳೆಯದರ ಎರಡು ಕುಡಿ ಬೇಡಿ ಒಯ್ದಳು. ಗೆದ್ದವರು ದಾನ ಮಾಡುವ ಸುಖ ನನಗೆ ಗೊತ್ತಿರಲಿಲ್ಲ.

ಸಾರು ಈಗ ನಾನೇ ಮಾಡುತ್ತೇನೆ. ಅಣ್ಣ ಉಣ್ಣುವ ಮೊದಲು ದೇವರನ್ನು ನೆನೆಯುವ ಹೊತ್ತು ಜಾಸ್ತಿಯಾಗಿದೆ, ಅಷ್ಟೇ. ಉಮಾಬಾಯಿಗೂ ಆಕೆಯ ಮೊಣಕಾಲಿಗೂ ನನ್ನ ಶುಭಾಶಯ. ಅಣ್ಣ ನಿನಗೆ ತುಂಬು ಮನಸ್ಸಿನ ಆಶೀರ್ವಾದ ಹೇಳಿದ್ದಾನೆ. ನಿನಗಿಂತ ಐದು ವರ್ಷ ದೊಡ್ಡವನೆಂಬ ಒಂದೇ ಅರ್ಹತೆಯ ಮೇಲೆ ನಾನೂ ಹರಸುತ್ತೇನೆ: ನೀನು ಕೈಯಲ್ಲಿ ಹಿಡಿದದ್ದೆಲ್ಲ ಹೀಗೇ ಅರಳಲಿ, ಮೈಯಲ್ಲಿ ಆರೋಗ್ಯವಿರಲಿ, ಬೀದರಿನ ಚಳಿ ನಿನ್ನ ತಂಟೆಗೆ ಬಾರದಿರಲಿ.

ನಿನ್ನ,
ರಾಮದಾಸ

ತಾ.ಕ.: ಮೇಲಿನದನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದೆ.

ನವೆಂಬರಿನ ರಾಜ್ಯೋತ್ಸವದಲ್ಲಿ, ಅದೇ ಸಭಾಂಗಣದಲ್ಲಿ, ನಿನಗೆ ಶಾಲು ಹೊದಿಸುವಾಗ ಮೈಕು ನನ್ನ ಕೈಯಲ್ಲಿತ್ತು. "ನಮ್ಮನಿಯಾಕಿ ಕೈಗುಣ ನೋಡ್ರಿ. ಹೂವಿಗೇನೂ ಕಮ್ಮಿಯಿಲ್ಲ, ಕಾಯಿ ಒಂದು ಕಚ್ಚಲಿಲ್ಲ" ಎಂದೆ. ಇನ್ನೂರು ಜನ ನಕ್ಕರು. ನೀನೂ ನಕ್ಕೆ. ಅದರ ಮರುವಾರ ನಿನಗೆ ಉಮಾಬಾಯಿಯ ಮೊಣಕಾಲು ನೆನಪಾಯಿತು.

ತೊಂಬತ್ತಾರರಲ್ಲಿ ಡಾಕ್ಟರು ಕೊಟ್ಟ ರಿಪೋರ್ಟಿನಲ್ಲಿ ದೋಷವಿದೆ ಎಂದು ಬರೆದದ್ದು ನನ್ನ ಹೆಸರಿನ ಮುಂದೆ. ಅದನ್ನು ನಾಲ್ಕಾಗಿ ಮಡಚಿ ನಿನ್ನ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದು, "ನನ್ನೊಳಗೇ ಏನೋ ಐತಂತ್ರಿ ಅತ್ತಿ" ಎಂದವಳು ನೀನು. ಅವ್ವ ಸಾಯುವ ತನಕ ನಿನ್ನಿಂದ ವ್ರತ ಮಾಡಿಸಿದಳು. ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದೆ.

ನಿನ್ನೆ ನಿನ್ನ ಪರವಾಗಿ ಬಹುಮಾನ ತೆಗೆದುಕೊಳ್ಳಲು ಕರೆದು, ಎರಡು ಮಾತಾಡಿ ಎಂದರು. ಎಲ್ಲರೂ ನಗಲು ಸಿದ್ಧರಾಗಿ ಕುಳಿತರು. "ನವೆಂಬರಿನಾಗ ನಾ ಹೇಳಿದ ಮಾತು ಸುಳ್ಳ್ರಿ. ನಮಗ ಮಕ್ಕಳಾಗಲಿಲ್ಲ, ದೋಷ ನಂದು. ಆಕಿ ಮೂವತ್ತು ವರ್ಷ ಅದನ್ನ ತನ್ನ ಮ್ಯಾಲ ಹಾಕ್ಕೊಂಡಾಳ" ಎಂದೆ. ಯಾರೂ ನಗಲಿಲ್ಲ. ನಿನ್ನನ್ನು ಕೇಳದೆ ಹೇಳಿದೆ. ಅದಕ್ಕೂ ಬೈಯುವುದಿದ್ದರೆ ಬೈಯಿ. ಮನೆಯ ದಾರಿಯಲ್ಲಿ ಅಣ್ಣ ಒಂದೇ ಮಾತಾಡಿದ: "ಅವ್ವ ಇದು ಗೊತ್ತಿಲ್ದ ಹ್ವಾದಳಲ್ಲೋ."

ಸಭಾಂಗಣದಿಂದ ಮನೆಯ ತನಕ, ಅಷ್ಟೇ ದೂರ ನಾನದನ್ನು ಹೊತ್ತದ್ದು. ಭಾಳ ಭಾರ ಐತಿ, ವತ್ಸಲಾ.